ದೋಣಿಯ ಶೌಚ ಟ್ಯಾಂಕಿನ ವಾಸನೆ ಫಿಲ್ಟರ್ ಮತ್ತು ಅದರ ಸ್ವಯಂ ನಿರ್ವಹಣೆ

ಮಲಗುವ ಕೋಣೆ, ಒಲೆ, ಶೌಚಾಲಯ ಎಲ್ಲ ಇರುವ ವಿಹಾರದೋಣಿಗಳಲ್ಲಿ ಮಲಮೂತ್ರವನ್ನು ನೀರಿಗೆ ಬಿಡದೆ ಮುಚ್ಚಿದ ಒಂದು ಟ್ಯಾಂಕಿನಲ್ಲಿ ಕೂಡಿಡುತ್ತಾರೆ. ದೋಣಿಯವರು ಇದನ್ನು ಹೋಲ್ಡಿಂಗ್ ಟ್ಯಾಂಕ್ ಎನ್ನುತ್ತಾರೆ. ಟ್ಯಾಂಕಿಗೆ ಮುಖ್ಯವಾಗಿ ಮೂರು ದಾರಿಗಳು. ಒಂದು ಶೌಚಾಲಯದಿಂದ ಬರುವ ದಾರಿ, ಇನ್ನೊಂದು ದಡದ ಪಂಪು ಎಲ್ಲವನ್ನೂ ಎಳೆದುಕೊಳ್ಳುವ ದಾರಿ, ಮೂರನೆಯದು ಗಾಳಿ ಹೋಗಿಬರುವ ಸಣ್ಣ ಕೊಳವೆ. ಈ ಗಾಳಿಕೊಳವೆಯ ನಡುವೆ ಕೂರಿಸಿ, ಹೊರಗೆ ಹೋಗುವ ಗಾಳಿಯ ದುರ್ನಾತವನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಯೇ ವಾಸನೆ ಫಿಲ್ಟರ್.

ನಮ್ಮ ಊರುಗಳಲ್ಲಿ ಸೆಪ್ಟಿಕ್ ಟ್ಯಾಂಕಿನ ಪಕ್ಕದಲ್ಲಿ ತಾರಸಿಗಿಂತ ಎತ್ತರಕ್ಕೆ ನಿಲ್ಲಿಸಿ, ತುದಿಗೆ ಬಲೆ ಕಟ್ಟಿದ ಪೈಪನ್ನು ನೆನೆದರೆ ಗಾಳಿಕೊಳವೆಯ ಕೆಲಸ ತಿಳಿಯುತ್ತದೆ. ಅಲ್ಲಿ ಪೈಪಿನ ಎತ್ತರವೇ ವಾಸನೆಯನ್ನು ಮೂಗಿನಿಂದ ದೂರ ಒಯ್ಯುತ್ತದೆ. ಹತ್ತು ಮೀಟರ್ ಉದ್ದದ ದೋಣಿಯಲ್ಲಿ ಅಂಥ ಎತ್ತರ ಸಿಗದು. ಕೊಳವೆಯ ಬಾಯಿ ದೋಣಿಯ ಹೊರಮೈಯಲ್ಲಿ, ಜನ ಕೂತು ಊಟ ಮಾಡುವ ಜಾಗದಿಂದ ಒಂದೆರಡು ಮಾರು ದೂರದಲ್ಲಿ ತೆರೆದುಕೊಂಡಿರುತ್ತದೆ. ಹಿಂದಿನಿಂದ ಗಾಳಿ ಬೀಸಿದರೆ, ಯಾರಾದರೂ ಫ್ಲಷ್ ಮಾಡಿದ ಕ್ಷಣವೇ ಅದು ಎಲ್ಲರಿಗೂ ಗೊತ್ತಾಗುತ್ತದೆ. ಫಿಲ್ಟರ್ ಹುಟ್ಟಿದ್ದು ಈ ಇಕ್ಕಟ್ಟಿನಿಂದ.

ಟ್ಯಾಂಕೇ ಇಲ್ಲದ ಕಾಲದಲ್ಲಿ ಈ ಸಮಸ್ಯೆಯೂ ಇರಲಿಲ್ಲ. ಹಾಯಿಹಡಗುಗಳ ಕಾಲದಲ್ಲಿ ನಾವಿಕರು ಹಡಗಿನ ಮೂತಿಯ ತುದಿಯಲ್ಲಿ ಕೂತು ಶೌಚ ಮುಗಿಸುತ್ತಿದ್ದರು. ದೋಣಿಯ ಶೌಚಾಲಯಕ್ಕೆ ಇಂದಿಗೂ ‘ಹೆಡ್’ ಎಂಬ ಹೆಸರು ಉಳಿದಿರುವುದು ಅದರಿಂದಲೇ. ಇಪ್ಪತ್ತನೆಯ ಶತಮಾನದಲ್ಲಿ ವಿಹಾರದೋಣಿಗಳು ಹೆಚ್ಚಾಗಿ, ಕೊಲ್ಲಿಗಳೂ ಸರೋವರಗಳೂ ಕೆಡತೊಡಗಿದ ಮೇಲೆ ಕಾನೂನುಗಳು ಬಂದವು. ಅಮೆರಿಕದಲ್ಲಿ 1972ರ ಶುದ್ಧ ಜಲ ಕಾಯ್ದೆಯ 312ನೆಯ ವಿಧಿ ದೋಣಿಗಳ ಶೌಚ ವ್ಯವಸ್ಥೆಯನ್ನು ನಿಯಂತ್ರಿಸುತ್ತದೆ. ಅಲ್ಲಿನ ವರ್ಗೀಕರಣದಲ್ಲಿ ಹೋಲ್ಡಿಂಗ್ ಟ್ಯಾಂಕ್ ಮೂರನೆಯ ಮಾದರಿಗೆ ಸೇರುತ್ತದೆ. ದಡದಿಂದ 3 ನಾವಿಕ ಮೈಲಿಯ ಒಳಗೆ ಸಂಸ್ಕರಿಸದ ಮಲವನ್ನು ಬಿಡುವಂತಿಲ್ಲ. ದಡದಲ್ಲಿ ಟ್ಯಾಂಕ್ ಖಾಲಿ ಮಾಡುವ ಪಂಪು ಕೇಂದ್ರಗಳಿಗೆ ಹಣ ಒದಗಿಸಲು 1992ರಲ್ಲಿ ಮತ್ತೊಂದು ಕಾಯ್ದೆ ಬಂತು. ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ 2018ರಿಂದ ಸಂಸ್ಕರಿಸಿದ ಮಲವನ್ನೂ ಬಿಡಬಾರದ ವಲಯವಾಗಿದೆ. ಸ್ವೀಡನ್ 2015ರ ಏಪ್ರಿಲ್‌ನಲ್ಲಿ ವಿಹಾರದೋಣಿಗಳು ನೀರಿಗೆ ಮಲ ಬಿಡುವುದನ್ನು ನಿಷೇಧಿಸಿತು. ಹೀಗೆ ಒಂದೊಂದೇ ಕಡೆ ನೀರು ಚೊಕ್ಕಟವಾದಂತೆ ದೋಣಿಯೊಳಗೆ ಮಲ ದಿನಗಟ್ಟಲೆ ಉಳಿಯುವಂತಾಯಿತು. ವಾಸನೆಯನ್ನು ಹತೋಟಿಯಲ್ಲಿಡುವ ಕೆಲಸ ದೋಣಿಯವರ ಪಾಲಿಗೆ ಬಂತು.

ವಾಸನೆಯ ಮೂಲ

ಮಲದ ಸಹಜ ವಾಸನೆ ಬೇರೆ, ಕೆಟ್ಟ ಟ್ಯಾಂಕಿನ ದುರ್ನಾತ ಬೇರೆ. ಎರಡನೆಯದರಲ್ಲಿ ದೊಡ್ಡ ಪಾಲು ಹೈಡ್ರೋಜನ್ ಸಲ್ಫೈಡ್‌ನದು. ಶಾಲೆಯ ಪಾಠದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಎಂದು ನಾವೆಲ್ಲ ಓದಿದ್ದು ಇದನ್ನೇ. ಟ್ಯಾಂಕಿನ ದ್ರವದಲ್ಲಿ ಆಮ್ಲಜನಕ ಇರುವವರೆಗೆ ಗಾಳಿಯಲ್ಲಿ ಬದುಕುವ ಬ್ಯಾಕ್ಟೀರಿಯಾ ಕೊಳೆಯನ್ನು ಒಡೆಯುತ್ತವೆ, ಆಗ ಮುಖ್ಯವಾಗಿ ಹೊರಬರುವುದು ವಾಸನೆಯಿಲ್ಲದ ಇಂಗಾಲದ ಡೈಆಕ್ಸೈಡ್. ಆಮ್ಲಜನಕ ಮುಗಿದ ಮೇಲೆ ಬೇರೆ ಜಾತಿಯ ಬ್ಯಾಕ್ಟೀರಿಯಾ ತಲೆಯೆತ್ತುತ್ತವೆ. ಅವು ಸಲ್ಫೇಟಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಂಡು ಗಂಧಕವನ್ನು ಹೈಡ್ರೋಜನ್ ಸಲ್ಫೈಡ್ ರೂಪದಲ್ಲಿ ಬಿಡುತ್ತವೆ. ಪ್ರತಿ ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಆದ್ದರಿಂದ ಉಪ್ಪುನೀರಿನಲ್ಲಿ ಫ್ಲಷ್ ಮಾಡುವ ದೋಣಿಯ ಟ್ಯಾಂಕು ಸಿಹಿನೀರಿನದಕ್ಕಿಂತ ಹೆಚ್ಚು ನಾರುವುದು ಸಹಜ.

ಈ ಅನಿಲವನ್ನು ಮನುಷ್ಯನ ಮೂಗು ಅತಿ ಕಡಿಮೆ ಪ್ರಮಾಣದಲ್ಲೇ ಹಿಡಿಯುತ್ತದೆ. ಗಾಳಿಯ ಹತ್ತು ಕೋಟಿ ಭಾಗಗಳಲ್ಲಿ ಒಂದು ಭಾಗವಿದ್ದರೂ ಅನೇಕರಿಗೆ ಗೊತ್ತಾಗುತ್ತದೆ. ಪ್ರಮಾಣ ಹತ್ತು ಲಕ್ಷಕ್ಕೆ ನೂರು ಭಾಗದಷ್ಟಾದರೆ ಮಾತ್ರ ಮೂಗೇ ಸೋತು ವಾಸನೆ ನಿಂತಂತೆ ತೋರುತ್ತದೆ. ಆ ಮಟ್ಟ ಪ್ರಾಣಕ್ಕೆ ಅಪಾಯ. ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ತಲೆ ಹಾಕಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಟ್ಯಾಂಕಿನ ಗಾಳಿ ಹೊರಗೆ ಬರುವ ಲೆಕ್ಕ ಸರಳ. ಒಂದು ಲೀಟರ್ ದ್ರವ ಒಳಗೆ ಹೋದರೆ ಒಂದು ಲೀಟರ್ ಗಾಳಿ ಹೊರಬರಬೇಕು. 80 ಲೀಟರಿನ ಟ್ಯಾಂಕು ತುಂಬುವ ಹೊತ್ತಿಗೆ 80 ಲೀಟರ್ ಗಾಳಿ ಫಿಲ್ಟರ್ ದಾಟಿರುತ್ತದೆ. ಕೊಳೆಯುವಾಗ ಹುಟ್ಟುವ ಅನಿಲ ಇದರ ಮೇಲೆ. ಮುಂಜಾವಿನ 15 ಡಿಗ್ರಿಯಿಂದ ಮಧ್ಯಾಹ್ನದ 35 ಡಿಗ್ರಿಗೆ ಬಿಸಿಯೇರಿದರೆ ಒಳಗಿನ ಗಾಳಿ ನೂರಕ್ಕೆ ಏಳರಷ್ಟು ಹಿಗ್ಗುತ್ತದೆ. ಯಾರೂ ಶೌಚಾಲಯಕ್ಕೆ ಹೋಗದ ದಿನವೂ ಟ್ಯಾಂಕು ಉಸಿರಾಡುತ್ತಲೇ ಇರುತ್ತದೆ.

ಇದ್ದಿಲು ಮಾಡುವ ಕೆಲಸ

ಫಿಲ್ಟರಿನ ಹೊಟ್ಟೆಯಲ್ಲಿರುವುದು ಸಕ್ರಿಯ ಇಂಗಾಲ. ಇದ್ದಿಲನ್ನು ಹಬೆಯಲ್ಲೋ ರಾಸಾಯನಿಕದಲ್ಲೋ ಹೆಚ್ಚಿನ ಕಾವಿಗೆ ಒಡ್ಡಿ, ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳನ್ನು ತೆರೆದರೆ ಅದು ಸಕ್ರಿಯವಾಗುತ್ತದೆ. ಇದ್ದಿಲು ದ್ರಾವಣಗಳ ಬಣ್ಣವನ್ನು ಎಳೆದುಕೊಳ್ಳುವುದನ್ನು ರಷ್ಯದಲ್ಲಿದ್ದ ರಸಾಯನಜ್ಞ ಯೋಹಾನ್ ಟೊಬಿಯಾಸ್ ಲೋವಿಟ್ಸ್ 1785ರಲ್ಲಿ ಗುರುತಿಸಿದ. ಅದನ್ನು ಕಾರ್ಖಾನೆಯ ಮಟ್ಟದಲ್ಲಿ ತಯಾರಿಸುವ ವಿಧಾನಕ್ಕೆ ರಾಫೇಲ್ ಫಾನ್ ಆಸ್ಟ್ರೆಯ್ಕೊ 1900ರ ಆಸುಪಾಸಿನಲ್ಲಿ ಪೇಟೆಂಟ್ ಪಡೆದ. ಮೊದಲ ಮಹಾಯುದ್ಧದ ವಿಷಾನಿಲ ಮುಖವಾಡಗಳು ಅದನ್ನು ಲೋಕಕ್ಕೆ ಪರಿಚಯಿಸಿದವು.

ಒಂದು ಗ್ರಾಂ ಸಕ್ರಿಯ ಇಂಗಾಲದ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್ ಆಗುತ್ತದೆ. ಮುಂದೆ ಹೇಳುವ, ಮನೆಯಲ್ಲೇ ಮಾಡಿಕೊಳ್ಳಬಹುದಾದ ಡಬ್ಬಿಯಲ್ಲಿ 650 ಗ್ರಾಂ ಇಂಗಾಲ ಹಿಡಿಯುತ್ತದೆ. ಅದರ ಮೈಯೆಲ್ಲ ಸೇರಿ 160 ಎಕರೆ ಜಮೀನಿನಷ್ಟು. ವಾಸನೆಯ ಅಣುಗಳು ಹೋಗಿ ಅಂಟಿಕೊಳ್ಳುವುದು ಈ ಮೈಗೆ. ವಿಜ್ಞಾನದ ಪುಸ್ತಕಗಳು ಇದನ್ನು ಅಧಿಶೋಷಣೆ ಎನ್ನುತ್ತವೆ. ಬಟ್ಟೆ ನೀರು ಕುಡಿಯುವ ಹೀರಿಕೆಗೂ ಇದಕ್ಕೂ ವ್ಯತ್ಯಾಸವಿದೆ: ಇಲ್ಲಿ ಎಲ್ಲವೂ ಮೇಲ್ಮೈಯಲ್ಲೇ ನಡೆಯುತ್ತದೆ, ಮೇಲ್ಮೈ ಭರ್ತಿಯಾದ ದಿನ ಕೆಲಸ ನಿಲ್ಲುತ್ತದೆ.

ಅನಿಲಗಳಿಗೆ ತೆಂಗಿನ ಕರಟದ ಇಂಗಾಲ ಹೆಚ್ಚು ಒಳ್ಳೆಯದು. ಅದರ ರಂಧ್ರಗಳು ಬಹುಪಾಲು ಅತಿ ಸಣ್ಣವು, ಸಣ್ಣ ಅಣುಗಳನ್ನು ಬಿಗಿಯಾಗಿ ಹಿಡಿಯುತ್ತವೆ. ಕಾಳು ಗಟ್ಟಿಯಾಗಿದ್ದು ಬೇಗ ಪುಡಿಯಾಗುವುದಿಲ್ಲ. ಭಾರತ, ಶ್ರೀಲಂಕಾ, ಫಿಲಿಪ್ಪೀನ್ಸ್, ಇಂಡೊನೇಷ್ಯಾಗಳಿಂದ ಇದು ಲೋಕಕ್ಕೆಲ್ಲ ಹೋಗುತ್ತದೆ. ತಿಪಟೂರು ಸೀಮೆಯಲ್ಲಿ ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟವೂ ಇಂಥ ಇದ್ದಿಲಿನ ಕಚ್ಚಾವಸ್ತುವೇ. ದೋಣಿ ವಿಹಾರದ ರೂಢಿಯೇ ಅಷ್ಟಾಗಿ ಇಲ್ಲದ ನಮ್ಮ ನಾಡಿಗೂ ಈ ಡಬ್ಬಿಗೂ ಇರುವ ನಿಜವಾದ ನಂಟು ಈ ಕರಟದ್ದು.

ಇಂಗಾಲದ ಮಿತಿಗಳನ್ನೂ ತಿಳಿದಿರಬೇಕು. ಸಾದಾ ಇಂಗಾಲ ಹೈಡ್ರೋಜನ್ ಸಲ್ಫೈಡನ್ನು ಹಿಡಿಯುವ ಪ್ರಮಾಣ ಕಡಿಮೆ. ಅದಕ್ಕಾಗಿ ಕ್ಷಾರವನ್ನೋ ಪೊಟ್ಯಾಸಿಯಂ ಅಯೊಡೈಡನ್ನೋ ಲೇಪಿಸಿದ ಇಂಗಾಲ ಬೇರೆಯೇ ಸಿಗುತ್ತದೆ, ಬೆಲೆ ಹೆಚ್ಚು. ಅಮೋನಿಯಾವನ್ನು ಸಾದಾ ಇಂಗಾಲ ಅಷ್ಟಾಗಿ ತಡೆಯದು. ಮೀಥೇನ್ ಫಿಲ್ಟರಿನಲ್ಲಿ ನಿಲ್ಲದೆ ಹೊರಗೆ ಹೋಗುತ್ತದೆ. ಅದಕ್ಕೆ ವಾಸನೆಯಿಲ್ಲ, ಆದರೆ ಉರಿಯುತ್ತದೆ. ಹೀಗಾಗಿ ಫಿಲ್ಟರ್ ಇದೆ ಎಂದು ಗಾಳಿಕೊಳವೆಯ ಬಾಯಿಯ ಹತ್ತಿರ ಬೆಂಕಿ ಹಚ್ಚುವುದು, ಬೀಡಿ ಸಿಗರೇಟು ಸೇದುವುದು ಸಲ್ಲದು.

ಇಂಗಾಲದ ದೊಡ್ಡ ಶತ್ರು ನೀರು. ಟ್ಯಾಂಕನ್ನು ಕಂಠಮಟ್ಟ ತುಂಬಿಸಿದಾಗ, ಹಾಯಿದೋಣಿ ಒಂದು ಮಗ್ಗುಲಿಗೆ ವಾಲಿ ಓಡುವಾಗ, ಟ್ಯಾಂಕಿನ ದ್ರವ ಗಾಳಿಕೊಳವೆಗೆ ಏರಿ ಫಿಲ್ಟರ್ ಮುಟ್ಟುತ್ತದೆ. ಒಮ್ಮೆ ಹಾಗೆ ತೊಯ್ದ ಇಂಗಾಲ ರಂಧ್ರ ಕಟ್ಟಿಕೊಂಡು ಮುದ್ದೆಯಾಗುತ್ತದೆ. ಅಂದಿನಿಂದ ಅದು ವಾಸನೆಯನ್ನೂ ತಡೆಯದು, ಗಾಳಿಯನ್ನೂ ಬಿಡದು.

ಕಟ್ಟಿಕೊಂಡ ಫಿಲ್ಟರಿನ ಅಪಾಯ

ವಾಸನೆ ತಡೆಯದ ಫಿಲ್ಟರ್ ಬರಿಯ ಕಿರಿಕಿರಿ. ಗಾಳಿ ಬಿಡದ ಫಿಲ್ಟರ್ ಟ್ಯಾಂಕನ್ನೇ ಒಡೆಯಬಲ್ಲದು. ದಡದ ಪಂಪು ಟ್ಯಾಂಕಿನ ದ್ರವವನ್ನು ನಿಮಿಷಕ್ಕೆ ಹತ್ತಾರು ಲೀಟರಿನಂತೆ ಎಳೆಯುತ್ತದೆ. ಅಷ್ಟೇ ಗಾಳಿ ಅಷ್ಟೇ ಬೇಗ ಒಳಗೆ ಬರದಿದ್ದರೆ ಒಳಗೆ ನಿರ್ವಾತ ಏಳುತ್ತದೆ. 60 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಎತ್ತರದ ಟ್ಯಾಂಕಿನ ಗೋಡೆಯನ್ನು ತೆಗೆದುಕೊಳ್ಳೋಣ. ಒಳಗಿನ ಒತ್ತಡ ವಾತಾವರಣದ ಹತ್ತನೆಯ ಒಂದು ಭಾಗದಷ್ಟು ಇಳಿದರೂ ಆ ಗೋಡೆಯ ಮೇಲೆ ಹೊರಗಿನಿಂದ ಬೀಳುವ ಭಾರ ಸುಮಾರು 240 ಕಿಲೋ. ಪ್ಲಾಸ್ಟಿಕ್ ಟ್ಯಾಂಕು ಒಳಕ್ಕೆ ಕುಸಿಯುತ್ತದೆ, ಬೆಸುಗೆ ಸೀಳುತ್ತದೆ. ಇನ್ನೊಂದು ಕಡೆಯಿಂದ, ಗಾಳಿ ಹೊರಹೋಗದ ಟ್ಯಾಂಕಿಗೆ ಕೈಪಂಪಿನಿಂದ ಫ್ಲಷ್ ಒತ್ತುತ್ತಲೇ ಇದ್ದರೆ ಒತ್ತಡ ಏರಿ, ಟ್ಯಾಂಕಿನ ಸರಕು ಶೌಚದ ಬೋಗುಣಿಗೇ ಮರಳಿ ಉಕ್ಕಬಹುದು. ಫ್ಲಷ್ ಪಂಪಿನ ಹಿಡಿ ದಿನೇ ದಿನೇ ಬಿಗಿಯಾಗುವುದು, ಡೆಕ್ಕಿನ ಮೇಲಿನ ಪಂಪೌಟ್ ಮುಚ್ಚಳ (ದಡದ ಪಂಪು ಎಳೆಯುವ ದಾರಿಯ ಮುಚ್ಚಳ) ತಿರುಗಿಸಿದಾಗ ಬುಸ್ಸೆನ್ನುವುದು, ಪಂಪು ಎಳೆಯುವಾಗ ಮಧ್ಯದಲ್ಲೇ ಹರಿವು ನಿಲ್ಲುವುದು — ಇವೆಲ್ಲ ಒಂದೇ ದೋಷದ ಗುರುತುಗಳು. ಇಂಥ ಗುರುತು ಕಂಡ ದಿನ ದಡದ ಪಂಪಿಗೆ ದೋಣಿ ಒಡ್ಡುವ ಮೊದಲು ಫಿಲ್ಟರನ್ನು ಬಿಚ್ಚಿ ನೋಡಲೇಬೇಕು. ಕೆಲವು ತಯಾರಕರು ಫಿಲ್ಟರ್ ಕಟ್ಟಿಕೊಂಡರೂ ಗಾಳಿ ಒಳನುಗ್ಗಲು ಒಂದು ಅಡ್ಡ ಕವಾಟ ಇಟ್ಟಿರುತ್ತಾರೆ. ಅದು ಇದ್ದರೆ ಒಳ್ಳೆಯದೇ. ಇದೆ ಎಂದು ಪರೀಕ್ಷೆ ಬಿಡುವುದು ತರವಲ್ಲ.

ಪರೀಕ್ಷೆ ಮತ್ತು ಬದಲಾವಣೆ

ವಾಸನೆ ಬಂದ ಕೂಡಲೇ ಫಿಲ್ಟರನ್ನು ದೂರುವ ರೂಢಿ ಇದೆ. ಮೊದಲು ವಾಸನೆ ಎಲ್ಲಿ, ಯಾವಾಗ ಬರುತ್ತದೆ ಎಂದು ಗಮನಿಸಬೇಕು. ಫ್ಲಷ್ ಮಾಡಿದಾಗ ಡೆಕ್ಕಿನ ಮೇಲೆ ಬಂದು ಸ್ವಲ್ಪ ಹೊತ್ತಿಗೆ ಹೋದರೆ ಫಿಲ್ಟರ್ ಸತ್ತಿದೆ. ಹಲವು ದಿನ ಬಿಟ್ಟು ಮೊದಲ ಫ್ಲಷ್‌ನಲ್ಲಿ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಬಂದರೆ ತಪ್ಪು ಟ್ಯಾಂಕಿನದಲ್ಲ. ಸಮುದ್ರದಿಂದ ನೀರು ಎಳೆಯುವ ಕೊಳವೆಯೊಳಗೆ ನಿಂತ ನೀರಿನಲ್ಲಿ ಸಣ್ಣ ಜೀವಿಗಳು ಸತ್ತು ಕೊಳೆತಿರುತ್ತವೆ. ದೋಣಿ ಬಿಡುವ ಮುನ್ನ ಆ ಕೊಳವೆಗೆ ಸಿಹಿನೀರು ಹಾಯಿಸಿದರೆ ಅದು ನಿಲ್ಲುತ್ತದೆ. ದೋಣಿಯ ಒಳಕೋಣೆಯಲ್ಲಿ ಹಗಲೂ ರಾತ್ರಿ ಒಂದೇ ಸಮನೆ ವಾಸನೆ ಇದ್ದರೆ ಸಂಶಯ ಹೋಸ್ ಪೈಪುಗಳ ಮೇಲೆ. ಅದಕ್ಕೊಂದು ಹಳೆಯ ಪರೀಕ್ಷೆ ಇದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹೋಸಿಗೆ ಸುತ್ತಿ, ಆರಿದ ಮೇಲೆ ಬಿಚ್ಚಿ ಮೂಸಿ ನೋಡಬೇಕು. ಬಟ್ಟೆ ನಾತ ಬಡಿದರೆ ವಾಸನೆ ರಬ್ಬರಿನ ಮೈಯನ್ನೇ ತೂರಿ ಬರುತ್ತಿದೆ, ಆ ತುಂಡನ್ನು ಬದಲಿಸದೆ ಬೇರೆ ದಾರಿಯಿಲ್ಲ. ಇಂಥ ದೋಣಿಯಲ್ಲಿ ವರ್ಷಕ್ಕೆ ಹತ್ತು ಫಿಲ್ಟರ್ ಹಾಕಿದರೂ ಹಣ ದಂಡ.

ಸಾಮಾನ್ಯ ಬಳಕೆಯಲ್ಲಿ ಒಂದು ಋತುವಿಗೊಮ್ಮೆ ಇಂಗಾಲ ಬದಲಿಸುವುದು ವಾಡಿಕೆ. ಚಳಿ ದೇಶಗಳಲ್ಲಿ ವಸಂತದಲ್ಲಿ ದೋಣಿ ನೀರಿಗಿಳಿಸುವ ಮೊದಲು ಮಾಡುವ ಕೆಲಸಗಳ ಪಟ್ಟಿಯಲ್ಲಿ ಇದೂ ಸೇರಿರುತ್ತದೆ. ದೋಣಿಯಲ್ಲೇ ಸಂಸಾರ ಮಾಡುವವರಿಗೆ ಅಷ್ಟು ದಿನ ಬಾಳದು.

ಕೆಲಸ ಹಿಡಿಯುವ ಮುನ್ನ ಟ್ಯಾಂಕನ್ನು ಖಾಲಿ ಮಾಡಿಸಿ, ಸಿಹಿನೀರು ತುಂಬಿ, ಮತ್ತೊಮ್ಮೆ ಖಾಲಿ ಮಾಡಿಸಬೇಕು. ಕಿಟಕಿ ಬಾಗಿಲುಗಳೆಲ್ಲ ತೆರೆದಿರಲಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಫಿಲ್ಟರಿನ ಕೆಳಗೆ ಒಂದು ಬಕೆಟ್ಟು. ಟ್ಯಾಂಕಿನ ಕಡೆಯ ತುದಿ ಯಾವುದು, ಹೊರಗಿನ ತುದಿ ಯಾವುದು ಎಂದು ಬಿಚ್ಚುವ ಮೊದಲೇ ಗುರುತು ಹಾಕಿಕೊಳ್ಳಬೇಕು. ಹೋಸು ಹಿಡಿದುಕೊಂಡು ಬರದಿದ್ದರೆ ಬಿಸಿನೀರು ಸುರಿದು ಅಥವಾ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಕೊಟ್ಟು ಮೆದು ಮಾಡಬೇಕು. ದೀಪದ ಬೆಂಕಿ ಖಂಡಿತ ಬೇಡ. ಚಾಕುವಿನಿಂದ ಮೀಟಿ ಎಳೆದರೆ ಡಬ್ಬಿಯ ಮೂತಿ ಮುರಿಯುತ್ತದೆ, ಅದಕ್ಕಿಂತ ಹೋಸಿನ ತುದಿಯನ್ನು ಉದ್ದಕ್ಕೆ ಸೀಳಿ ತೆಗೆದು ಒಂದಿಷ್ಟು ತುಂಡನ್ನು ಕಳೆದುಕೊಳ್ಳುವುದು ವಾಸಿ.

ಡಬ್ಬಿ ಹೊರಬಂದಾಗ ಕೊಳವೆಯ ಎರಡೂ ಭಾಗಗಳನ್ನು ನೋಡುವ ಅವಕಾಶ ಸಿಕ್ಕಿರುತ್ತದೆ, ಅದನ್ನು ಬಿಡಬಾರದು. ಹೊರಮೈಯ ಬಾಯಿಯಲ್ಲಿ ಉಪ್ಪು ಹೆಪ್ಪುಗಟ್ಟಿರುತ್ತದೆ, ಜೇಡ ಬಲೆ ಕಟ್ಟಿರುತ್ತದೆ, ಕಣಜ ಮಣ್ಣಿನ ಗೂಡು ಮಾಡಿರುತ್ತದೆ. ದೋಣಿಗೆ ಮೇಣ ಉಜ್ಜಿದಾಗ ಅದೂ ತೂತಿಗೆ ಮೆತ್ತಿಕೊಂಡಿರುತ್ತದೆ. ಫಿಲ್ಟರ್ ಇಲ್ಲದ ಈ ಹೊತ್ತಿನಲ್ಲಿ ಹೊರಬಾಯಿಯಿಂದ ನೀರು ಹಾಯಿಸಿ, ಬಿಚ್ಚಿದ ತುದಿಯ ಕೆಳಗೆ ಬಕೆಟ್ಟು ಹಿಡಿದರೆ ಎಲ್ಲ ತೊಳೆದುಹೋಗುತ್ತದೆ. ಫಿಲ್ಟರ್ ಕೂತಿರುವಾಗ ಹೀಗೆ ನೀರು ಬಿಟ್ಟರೆ ಹೊಸ ಇಂಗಾಲವೇ ತೊಯ್ದು ಕೆಡುತ್ತದೆ. ಚೊಕ್ಕಟವಾದ ಒಂದು ತುಂಡು ಹೋಸನ್ನು ಹೊಸ ಡಬ್ಬಿಗೆ ಸಿಕ್ಕಿಸಿ ಊದಿ ನೋಡಿದರೆ ಉಸಿರು ತಡೆಯಿಲ್ಲದೆ ಹಾಯಬೇಕು. ಹಳೆಯ ಡಬ್ಬಿಗೆ ಬಾಯಿ ಹಚ್ಚಬಾರದು, ಸೈಕಲ್ ಪಂಪು ಸಾಕು.

ಮನೆಯಲ್ಲೇ ಮಾಡುವ ಡಬ್ಬಿ

ಮಾರುಕಟ್ಟೆಯಲ್ಲಿ ಎರಡು ಬಗೆಯ ಫಿಲ್ಟರುಗಳಿವೆ. ಒಂದು ಬಗೆಯಲ್ಲಿ ಹೊರಡಬ್ಬಿ ಉಳಿಸಿಕೊಂಡು ಒಳಗಿನ ಇಂಗಾಲದ ಭಾಗವನ್ನು ಮಾತ್ರ ಬದಲಿಸಬಹುದು. ಡಚ್ ಕಂಪನಿ ವೇಟಸ್‌ನ ‘ನೋ-ಸ್ಮೆಲ್’ ಫಿಲ್ಟರ್ ಈ ಜಾತಿಯದು. ಇನ್ನೊಂದು ಪೂರ್ತಿ ಅಂಟು ಹಾಕಿ ಮುಚ್ಚಿದ್ದು, ತೀರಿದ ಮೇಲೆ ಇಡಿಯಾಗಿ ಎಸೆಯಬೇಕು. ಎರಡನೆಯದಕ್ಕೆ ಪ್ರತಿ ವರ್ಷ ದುಡ್ಡು ಸುರಿಯುವುದು ಬೇಡವೆನಿಸಿದವರು ಕೊಳಾಯಿ ಸಾಮಾನಿನಿಂದಲೇ ಡಬ್ಬಿ ಮಾಡಿಕೊಳ್ಳುತ್ತಾರೆ. ಕೆಲಸ ಕಷ್ಟದ್ದಲ್ಲ, ಫಲವೂ ಕೊಂಡ ಫಿಲ್ಟರಿಗಿಂತ ಕಡಿಮೆಯಿರದು.

75 ಮಿಲಿಮೀಟರ್ ವ್ಯಾಸದ, 30 ಸೆಂಟಿಮೀಟರ್ ಉದ್ದದ ಪಿವಿಸಿ ಪೈಪು ಬೇಕು. ಒಂದು ತುದಿಗೆ ಎಂಡ್ ಕ್ಯಾಪನ್ನು ಸಲ್ಯೂಷನ್ ಹಚ್ಚಿ ಕಾಯಂ ಕೂರಿಸಬೇಕು. ಇನ್ನೊಂದು ತುದಿಗೆ ತಿರುಪಿನ ಮುಚ್ಚಳ ಇರಲಿ, ಪ್ರತಿ ವರ್ಷ ಬಿಚ್ಚುವುದು ಅದನ್ನೇ. ಎರಡು ಮುಚ್ಚಳಗಳ ನಡುಮಧ್ಯಕ್ಕೂ ತೂತು ಕೊರೆದು ಗಾಳಿಕೊಳವೆಯ ಅಳತೆಯ ಹೋಸ್ ಮೂತಿಗಳನ್ನು ಟೆಫ್ಲಾನ್ ಟೇಪ್ ಸುತ್ತಿ ಬಿಗಿಯಬೇಕು. ತಳಕ್ಕೆ ಪ್ಲಾಸ್ಟಿಕ್ ಜಾಲರಿ, ಅದರ ಮೇಲೆ ಒರಟು ಸ್ಪಂಜಿನ ಒಂದು ಬಿಲ್ಲೆ. ಆಮೇಲೆ ಇಂಗಾಲ. ಮೇಲೆ ಮತ್ತೆ ಸ್ಪಂಜು, ಜಾಲರಿ. ಮೀನಿನ ತೊಟ್ಟಿಗೆ ಮಾರುವ ಸಕ್ರಿಯ ಇಂಗಾಲ ಸಾಕಾಗುತ್ತದೆ, ಆದರೆ ಕಾಳು 3–4 ಮಿಲಿಮೀಟರ್ ದಪ್ಪ ಇರಲೇಬೇಕು. ಪುಡಿ ಇಂಗಾಲ ಗಾಳಿಯನ್ನು ತಡೆಯುತ್ತದೆ, ಅದನ್ನು ಜರಡಿ ಹಿಡಿದು ತೆಗೆದುಹಾಕಬೇಕು. ಒಲೆಗೆ ಹಾಕುವ ಇದ್ದಿಲಿನ ಚೂರು ತುಂಬಿದರೆ ಪ್ರಯೋಜನ ಅಷ್ಟಕ್ಕಷ್ಟೇ, ಅದರ ರಂಧ್ರಗಳು ತೆರೆದಿರುವುದಿಲ್ಲ. ತುಂಬುವಾಗ ಡಬ್ಬಿಯನ್ನು ತಟ್ಟುತ್ತಾ, ಸೇರಿನಲ್ಲಿ ಅಕ್ಕಿ ಅಳೆಯುವಾಗ ಕುಲುಕುವಂತೆ ಕುಲುಕಿ ಸಾಂದ್ರ ಮಾಡಬೇಕು. ಎಡೆ ಉಳಿದರೆ ಗಾಳಿ ಇಂಗಾಲವನ್ನು ಬಿಟ್ಟು ಆ ಸಂದಿಯಲ್ಲೇ ನುಸುಳುತ್ತದೆ. ಡಬ್ಬಿಯನ್ನು ಅಡ್ಡ ಮಲಗಿಸದೆ ನೆಟ್ಟಗೆ ನಿಲ್ಲಿಸುವುದಕ್ಕೂ ಇದೇ ಕಾರಣ. ಅಡ್ಡ ಮಲಗಿದ ಡಬ್ಬಿಯಲ್ಲಿ ಇಂಗಾಲ ಕುಸಿದು ಮೇಲ್ಭಾಗದಲ್ಲಿ ಉದ್ದಕ್ಕೂ ಹಾದಿ ಬಿಡುತ್ತದೆ.

ಉಳಿದ ಇಂಗಾಲವನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ತೆರೆದ ಪೊಟ್ಟಣ ಪೇಂಟ್, ಡೀಸೆಲ್ ಇರುವ ಸಾಮಾನಿನ ಕೋಣೆಯಲ್ಲಿ ಕೂತರೆ, ದೋಣಿಗೆ ಹೋಗುವ ಮೊದಲೇ ಆ ಆವಿಗಳನ್ನೆಲ್ಲ ಹಿಡಿದು ತೀರಿಹೋಗಿರುತ್ತದೆ.

ಡಬ್ಬಿಯ ಜಾಗ ಟ್ಯಾಂಕಿನ ತಲೆಗಿಂತ ಆದಷ್ಟು ಎತ್ತರದಲ್ಲಿರಬೇಕು. ಟ್ಯಾಂಕಿನಿಂದ ಡಬ್ಬಿಯವರೆಗೆ ಹೋಸು ಒಂದೇ ಸಮನೆ ಏರುತ್ತ ಹೋಗಲಿ. ನಡುವೆ ಎಲ್ಲಾದರೂ ಜೋತುಬಿದ್ದರೆ ಅಲ್ಲಿ ದ್ರವ ನಿಂತು ಗಾಳಿಗೆ ಬಿರಡೆ ಹಾಕಿದಂತಾಗುತ್ತದೆ. ಪ್ರತಿ ಕೂಡಿಕೆಗೂ ಎರಡು ಸ್ಟೇನ್‌ಲೆಸ್ ಸ್ಟೀಲ್ ಕ್ಲಿಪ್ಪುಗಳು.

ಫಿಲ್ಟರ್ ಬೇಡವಾಗುವ ಟ್ಯಾಂಕು

ದೋಣಿಯ ವಾಸನೆಗಳ ಬಗ್ಗೆಯೇ 2003ರಲ್ಲಿ ಪುಸ್ತಕ ಬರೆದ ಅಮೆರಿಕದ ಪೆಗಿ ಹಾಲ್ ಅವರ ವಾದ ಫಿಲ್ಟರ್ ಮಾರುವವರಿಗೆ ರುಚಿಸುವಂಥದ್ದಲ್ಲ. ಟ್ಯಾಂಕಿಗೆ ಧಾರಾಳ ಗಾಳಿ ಸಿಕ್ಕರೆ ದುರ್ನಾತದ ಬ್ಯಾಕ್ಟೀರಿಯಾ ಬೆಳೆಯುವುದೇ ಇಲ್ಲ, ಫಿಲ್ಟರ್ ಆ ಗಾಳಿಗೇ ಅಡ್ಡ ನಿಲ್ಲುತ್ತದೆ ಎಂಬುದು ಅವರ ನಿಲುವು. ರಸಾಯನಶಾಸ್ತ್ರ ಅವರ ಕಡೆಗಿದೆ. ಅನೇಕ ದೋಣಿಗಳಲ್ಲಿ ಗಾಳಿಕೊಳವೆಯ ಒಳವ್ಯಾಸ 16 ಮಿಲಿಮೀಟರ್ ಮಾತ್ರ. ಅದನ್ನು 25 ಮಿಲಿಮೀಟರಿಗೆ ಏರಿಸಿದರೆ ಗಾಳಿ ಹಾಯುವ ಬಾಯಿ ಎರಡೂವರೆ ಪಟ್ಟಿನ ಹತ್ತಿರ ಹಿಗ್ಗುತ್ತದೆ, 38 ಮಿಲಿಮೀಟರಿಗಾದರೆ ಐದೂವರೆ ಪಟ್ಟು. ಟ್ಯಾಂಕಿನ ಎದುರುಬದುರು ಮಗ್ಗುಲುಗಳಿಂದ ಎರಡು ಮೋಟು ಕೊಳವೆಗಳನ್ನು ದೋಣಿಯ ಎರಡು ಬದಿಗೆ ಒಯ್ದರೆ ಗಾಳಿ ಅಡ್ಡಹಾಯುತ್ತದೆ, ನಮ್ಮ ಹಳೆಯ ಮನೆಗಳಲ್ಲಿ ಎದುರುಬದುರು ಕಿಟಕಿ ಇಟ್ಟಂತೆ. ಜಾಗವಿಲ್ಲದ ದೋಣಿಗಳಿಗೆ ಸಣ್ಣ ವಿದ್ಯುತ್ ಪಂಪಿನಿಂದ ಟ್ಯಾಂಕಿನ ತಳದಲ್ಲಿ ಗಾಳಿ ಗುಳ್ಳೆ ಎಬ್ಬಿಸುವ ಸಾಧನಗಳಿವೆ. ಮೀನಿನ ತೊಟ್ಟಿಯ ಗುಳ್ಳೆ ಯಂತ್ರದ್ದೇ ತತ್ವ.

ಟ್ಯಾಂಕಿಗೆ ಸುರಿಯುವ ಔಷಧಗಳಲ್ಲಿ ನೈಟ್ರೇಟ್ ಇರುವವು ಇದೇ ಹಾದಿಯವು. ಬ್ಯಾಕ್ಟೀರಿಯಾ ಸಲ್ಫೇಟಿಗಿಂತ ಮೊದಲು ನೈಟ್ರೇಟನ್ನು ಬಳಸಿಕೊಳ್ಳುವುದರಿಂದ ಗಂಧಕದ ಅನಿಲ ಹುಟ್ಟುವುದು ತಪ್ಪುತ್ತದೆ. ಫಾರ್ಮಾಲ್ಡಿಹೈಡ್ ಇರುವ ದ್ರಾವಣಗಳು ಎಲ್ಲ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತವೆ, ಮುಂದೆ ಆ ಮಲ ಹೋಗಿ ಸೇರುವ ಸಂಸ್ಕರಣ ಘಟಕದಲ್ಲೂ ಅದೇ ಹಾನಿ ಮಾಡುತ್ತವೆ. ಅವನ್ನು ಬಿಡುವುದೇ ಸರಿ. ಬ್ಲೀಚಿಂಗ್ ದ್ರಾವಣವೂ ಬೇಡ. ಟ್ಯಾಂಕಿನ ಅಮೋನಿಯಾದೊಡನೆ ಸೇರಿ ವಿಷಕಾರಿ ಆವಿ ಬಿಡುತ್ತದೆ.

ಆದರೂ ಎಲ್ಲ ದೋಣಿಗಳ ಹೊರಮೈಗೂ ಹೊಸ ತೂತು ಕೊರೆಯಲಾಗದು. ಹಲವು ದೋಣಿಗಳಲ್ಲಿ ಗಾಳಿಕೊಳವೆ ಉದ್ದವಾಗಿ, ಡೆಕ್ಕಿನ ಕಂಬಗಳೊಳಗೆ ಸುತ್ತಿ ಬಂದಿರುತ್ತದೆ. ಅಂಥ ಕಡೆ ಫಿಲ್ಟರ್ ಇರಲೇಬೇಕು. ಆಗ ಕೊಳವೆಗಿಂತ ಅಗಲವಾದ ಡಬ್ಬಿ, ದಪ್ಪ ಕಾಳು, ಸಡಿಲವಾದ ಸ್ಪಂಜು ಆರಿಸಿ ಗಾಳಿಯ ತಡೆಯನ್ನು ಆದಷ್ಟು ಕಡಿಮೆ ಇಡುವುದು ನ್ಯಾಯವಾದ ರಾಜಿ.

ತೀರಿದ ಇಂಗಾಲ

ಹಳೆಯ ಇಂಗಾಲವನ್ನು ಬಿಸಿಲಿಗೆ ಹರಡಿ ಮತ್ತೆ ಬಳಸಬಹುದೇ ಎಂಬ ಪ್ರಶ್ನೆ ಬರುತ್ತದೆ. ಬಿಸಿಲು ತೇವವನ್ನು ಓಡಿಸುತ್ತದೆ, ರಂಧ್ರಕ್ಕೆ ಅಂಟಿದ ಗಂಧಕವನ್ನಲ್ಲ. ಕಾರ್ಖಾನೆಗಳಲ್ಲಿ ಇಂಗಾಲಕ್ಕೆ ಮರುಜೀವ ಕೊಡುವುದು ಸುಮಾರು 800 ಡಿಗ್ರಿ ಕಾವಿನಲ್ಲಿ. ಅಡುಗೆಮನೆಯ ಒವನ್‌ನಲ್ಲಿ ಅದಾಗುವುದಿಲ್ಲ. ಕ್ಷಾರ ಲೇಪಿಸಿದ ಇಂಗಾಲ ಬಿಸಿಗೆ ತಾನಾಗಿಯೇ ಹೊತ್ತಿಕೊಳ್ಳುವ ಅಪಾಯವೂ ಇದೆ. ತೊಯ್ದ ಇಂಗಾಲದಲ್ಲಿ ಮಲದ ರೋಗಾಣುಗಳಿರುವುದರಿಂದ ಗಿಡದ ಬುಡಕ್ಕೆ ಹಾಕಬಾರದು, ನೀರಿಗೆ ಎಸೆಯಲೇಬಾರದು. ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ದಡದ ಕಸದ ವ್ಯವಸ್ಥೆಗೆ ಕೊಡಬೇಕು. ಹೊಸ ಡಬ್ಬಿಯ ಮೇಲೆ ಅಳಿಸದ ಶಾಯಿಯಲ್ಲಿ ತುಂಬಿದ ದಿನಾಂಕ ಬರೆದಿಟ್ಟು, ಮುಂದಿನ ಪಂಪೌಟ್ ಆಗುವಾಗ ಒಬ್ಬರು ಗಾಳಿಕೊಳವೆಯ ಹೊರಬಾಯಿಗೆ ಕೈ ಹಿಡಿದು ನಿಲ್ಲಬೇಕು. ಗಾಳಿ ಒಳಕ್ಕೆ ಎಳೆಯುತ್ತಿರುವುದು ಅಂಗೈಗೆ ತಿಳಿದರೆ ಗಾಳಿಯ ದಾರಿ ತೆರೆದಿದೆ.